ಮಲೆನಾಡಿನ ಜೀಪಿಗೆ ಹ್ಯಾಮ್ ಆಂಟೆನಾ: ಜಾಗ ಆರಿಸುವುದರಿಂದ ಮಳೆಗಾಲದ ತಪಾಸಣೆಯವರೆಗೆ

ಮೂಡಿಗೆರೆಯಿಂದ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವವರಿಗೆ, ಸಕಲೇಶಪುರದಿಂದ ಬಿಸಿಲೆ ಕಡೆಗೆ ಹೊರಡುವವರಿಗೆ ಮೊಬೈಲ್ ಎಲ್ಲಿ ಕೈಕೊಡುತ್ತದೆ ಎಂಬುದು ಚೆನ್ನಾಗಿ ಗೊತ್ತು. ಜೋರು ಮಳೆಯಲ್ಲಿ ಕರೆಂಟ್ ಹೋಗಿ, ಟವರ್‌ನ ಬ್ಯಾಟರಿ ಬರಿದಾದರೆ ಅಷ್ಟಿಷ್ಟು ಇದ್ದ ಸಿಗ್ನಲ್ ಕೂಡ ಇಲ್ಲವಾಗುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಸಕಲೇಶಪುರ–ಸುಬ್ರಹ್ಮಣ್ಯ ರೈಲು ಮಾರ್ಗ ಬಂದ್ ಆಯಿತು. ಮರು ವರ್ಷದ ಆಗಸ್ಟ್‌ನಲ್ಲಿ ಚಾರ್ಮಾಡಿ ರಸ್ತೆಯ ಸರದಿ ಬಂತು. ಇಂಥ ಊರುಗಳಲ್ಲಿ ಜೀಪು ಓಡಿಸುವವರ ಬಳಿ ಹ್ಯಾಮ್ ರೇಡಿಯೊ (ಪರವಾನಗಿ ಪಡೆದ ಹವ್ಯಾಸಿಗಳು ಮೊಬೈಲ್ ಟವರ್ ಇಲ್ಲದೆಯೇ ಪರಸ್ಪರ ಮಾತಾಡುವ ರೇಡಿಯೊ) ಇರುವುದು ಬರೀ ಹವ್ಯಾಸವಲ್ಲ, ಅಗತ್ಯ ಎಂದೇ ನಾನು ನಂಬಿದ್ದೇನೆ. ಆದರೆ ರೇಡಿಯೊ ಎಷ್ಟೇ ಒಳ್ಳೆಯದಿದ್ದರೂ ಅದರ ಯೋಗ್ಯತೆ ತೀರ್ಮಾನವಾಗುವುದು ಆಂಟೆನಾದಲ್ಲಿ.

ಹೆದ್ದಾರಿಯಲ್ಲಿ ಓಡುವ ಕಾರುಗಳಿಗಾಗಿ ಬರೆದ ಸಲಹೆಗಳು ನಮ್ಮ ಕಡೆಗೆ ಅಷ್ಟಾಗಿ ಒಗ್ಗುವುದಿಲ್ಲ. ಇಲ್ಲಿ ಆಂಟೆನಾವನ್ನು ಕೊಲ್ಲುವುದು ಎರಡೇ ಸಂಗತಿ: ಕೊಂಬೆ ಮತ್ತು ನೀರು. ಹಾಗಾಗಿ ಡಬ್ಬದ ಮೇಲೆ ಬರೆದ ಡೆಸಿಬೆಲ್ (ಸಿಗ್ನಲ್ ಬಲದ) ಲೆಕ್ಕಕ್ಕಿಂತ ಅಲುಗದ ಬುಡ, ವಾಹನದ ಲೋಹದ ಬಾಡಿಯೊಂದಿಗೆ ಸರಿಯಾದ ಅರ್ಥ್ (ವಿದ್ಯುತ್ ಸಂಪರ್ಕ), ನೀರು ನುಗ್ಗದ ಜೋಡಣೆ ಈ ಮೂರಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಮೊದಲು ಕಾಗದಪತ್ರ

ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ (ವೈರ್‌ಲೆಸ್ ಪ್ಲಾನಿಂಗ್ ಅಂಡ್ ಕೋಆರ್ಡಿನೇಷನ್) ವಿಭಾಗದ ಪರೀಕ್ಷೆ ಪಾಸಾಗಿ, ಪರವಾನಗಿ ಮತ್ತು ಕರೆ ಸಂಕೇತ ಸಿಕ್ಕ ಮೇಲಷ್ಟೇ ಪ್ರಸಾರ ಮಾಡಬಹುದು. ವಾಹನಗಳಲ್ಲಿ ಹೆಚ್ಚು ಬಳಕೆಯಾಗುವುದು 144ರಿಂದ 146 ಮೆಗಾಹರ್ಟ್ಸ್‌ನ ಎರಡು ಮೀಟರ್ ಬ್ಯಾಂಡ್ (ಆವರ್ತನಗಳ ಪಟ್ಟಿ) ಮತ್ತು 434ರಿಂದ 438 ಮೆಗಾಹರ್ಟ್ಸ್‌ನ 70 ಸೆಂಟಿಮೀಟರ್ ಬ್ಯಾಂಡ್. ನಿಮ್ಮ ಪರವಾನಗಿಯಲ್ಲಿ ಸಂಚಾರಿ ಬಳಕೆಯ ಬಗ್ಗೆ ಏನು ಷರತ್ತಿದೆ ಎಂದು ಓದಿಕೊಂಡು, ಅದರ ಒಂದು ಪ್ರತಿಯನ್ನು ಗಾಡಿಯಲ್ಲೇ ಇಡಿ. ಭದ್ರಾ ಅಭಯಾರಣ್ಯದ ಸುತ್ತಲಿನ ಅರಣ್ಯ ತಪಾಸಣಾ ಗೇಟುಗಳಲ್ಲಿ ಉದ್ದನೆಯ ಆಂಟೆನಾ ಕಂಡರೆ ಸಿಬ್ಬಂದಿ ವಿಚಾರಿಸುವುದು ಸಹಜ. ಕಾಗದ ತೋರಿಸಿ, ಕೇಳಿದ್ದಕ್ಕೆ ಸಮಾಧಾನವಾಗಿ ಉತ್ತರಿಸಿದರೆ ಸಾಕು.

ಬುಲ್ ಬಾರ್‌ಗೆ (ಮುಂದಿನ ಬಂಪರ್ ಮೇಲೆ ಹಾಕಿಸುವ ಕಬ್ಬಿಣದ ಕಂಬಿ) ಆಂಟೆನಾ ಕಟ್ಟುವ ಯೋಚನೆ ಇದ್ದರೆ ಕೈಬಿಡಿ. ಖಾಸಗಿ ವಾಹನಗಳಿಗೆ ಬುಲ್ ಬಾರ್ ಹಾಕುವುದು ನಿಯಮಬಾಹಿರ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಕೊನೆಯಲ್ಲೇ ರಾಜ್ಯಗಳಿಗೆ ತಿಳಿಸಿದೆ.

ಜಾಗ ಎಲ್ಲಿ?

ಇಡೀ ಕೆಲಸದಲ್ಲಿ ಹೆಚ್ಚು ಯೋಚಿಸಬೇಕಾದದ್ದು ಇಲ್ಲಿಯೇ. ಕಾಲು ತರಂಗದ ಆಂಟೆನಾ, ಅಂದರೆ ರೇಡಿಯೊ ತರಂಗದ ಉದ್ದದ ಕಾಲುಭಾಗದಷ್ಟಿರುವ ಕಡ್ಡಿ, ನಿಜವಾಗಿ ಅರ್ಧ ಆಂಟೆನಾ. ಉಳಿದರ್ಧ ಅದರ ಬುಡದ ಸುತ್ತ ಹರಡಿರುವ ಲೋಹ. ಎರಡು ಮೀಟರ್ ಬ್ಯಾಂಡಿಗೆ ಬುಡದಿಂದ ಎಲ್ಲ ದಿಕ್ಕಿಗೂ ಸುಮಾರು ಅರ್ಧ ಮೀಟರ್ ಲೋಹ ಇದ್ದರೆ ಉತ್ತಮ. ಈ ಲೆಕ್ಕದಲ್ಲಿ ಕಬ್ಬಿಣದ ಛಾವಣಿಯ ನಡುಮಧ್ಯಕ್ಕಿಂತ ಒಳ್ಳೆಯ ಜಾಗ ಇಲ್ಲ.

ಆದರೆ ನಿಮ್ಮ ಛಾವಣಿ ಕಬ್ಬಿಣದ್ದೇ? ಸಣ್ಣ ಅಯಸ್ಕಾಂತವೊಂದನ್ನು ಇಟ್ಟು ನೋಡಿ. ಬೊಲೆರೊ, ಜಿಮ್ನಿಗಳಲ್ಲಿ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ರೆಕ್ಸಿನ್ ಹೊದಿಕೆಯ ಹಳೆಯ ಜೀಪು, ಸಾಫ್ಟ್ ಟಾಪ್ ಥಾರ್, ಜಿಪ್ಸಿಗಳಲ್ಲಿ ಜಾರಿ ಬೀಳುತ್ತದೆ. ಗಟ್ಟಿ ಛಾವಣಿಯಂತೆ ಕಾಣುವ ಎಷ್ಟೋ ಟಾಪ್‌ಗಳು ಫೈಬರ್‌ನವು. ಅವುಗಳ ಮೇಲೆ ಕಾಲು ತರಂಗದ ಆಂಟೆನಾ ಇಟ್ಟರೆ ಅದಕ್ಕೆ ಉಳಿದರ್ಧ ಸಿಗುವುದೇ ಇಲ್ಲ.

ಛಾವಣಿ ಲೋಹದ್ದೇ ಆದರೂ ಇನ್ನೊಂದು ತೊಡಕಿದೆ. ಜೀಪುಗಳ ಎತ್ತರ ಸುಮಾರು 1.7ರಿಂದ 1.9 ಮೀಟರ್. ಅದರ ಮೇಲೆ ಅರ್ಧ ಮೀಟರ್ ಕಡ್ಡಿ ನಿಂತರೆ ತುದಿ 2.2ರಿಂದ 2.4 ಮೀಟರ್ ಎತ್ತರಕ್ಕೆ ಏರುತ್ತದೆ. ಕಾಫಿ ತೋಟದ ಒಳದಾರಿಯಲ್ಲಿ ಹಾಲುವಾಣದ ಕೊಂಬೆ, ಸಿಲ್ವರ್ ಓಕ್‌ನಿಂದ ಜೋತ ಮೆಣಸಿನ ಬಳ್ಳಿ, ತಿರುವಿನಲ್ಲಿ ಬಾಗಿದ ಬಿದಿರು ಇರುವುದು ಸರಿಯಾಗಿ ಆ ಎತ್ತರದಲ್ಲಿಯೇ. ಅಯಸ್ಕಾಂತದ ಬುಡವಾದರೆ ಮೊದಲ ಏಟಿಗೇ ಎದ್ದು ಬಂದು, ಕೇಬಲ್‌ನಲ್ಲಿ ತೂಗಾಡುತ್ತ ಗಾಜಿಗೆ ಬಡಿಯುತ್ತದೆ. ಅದರಡಿ ಸೇರಿದ ಕೆಂಪು ಮಣ್ಣು ಬಣ್ಣವನ್ನು ಉಜ್ಜಿ ತೆಗೆಯುತ್ತದೆ. ಪ್ರಯೋಗಕ್ಕೆ, ಹಾಸನ–ಬೇಲೂರು ಡಾಂಬರು ರಸ್ತೆಗೆ ಅದು ಸಾಕು. ಗುಡ್ಡದ ದಾರಿಗೆ ಬೇಡ.

ಹಾಗಾಗಿ ಮಲೆನಾಡಿನ ಗಾಡಿಗೆ ನನ್ನ ಮೊದಲ ಆಯ್ಕೆ ಬಾನೆಟ್ ಅಂಚಿನ ಬ್ರಾಕೆಟ್, ಅಂದರೆ ಮಡ್‌ಗಾರ್ಡ್ ಮತ್ತು ಬಾನೆಟ್ ಕೂಡುವ ಜಾಗದಲ್ಲಿ, ಮುಂಗಾಜಿನ ಹತ್ತಿರ. ಇಲ್ಲಿ ಕೂರಿಸಿದ ಅರ್ಧ ಮೀಟರ್ ಕಡ್ಡಿಯ ತುದಿ ಛಾವಣಿಗಿಂತ ಕೆಳಗೇ ಉಳಿಯುತ್ತದೆ. ಬಾನೆಟ್ಟಿನ ಕಬ್ಬಿಣ ಬುಡಕ್ಕೆ ಲೋಹ ಒದಗಿಸುತ್ತದೆ. ಕೇಬಲ್ ಚಿಕ್ಕದಾಗುತ್ತದೆ. ಕೊಂಬೆ ತಗುಲಿದರೆ ಕುಳಿತಲ್ಲಿಂದಲೇ ಕಾಣುತ್ತದೆ. ನಷ್ಟವೂ ಇದೆ: ಹಿಂದಿನ ದಿಕ್ಕಿಗೆ ಕ್ಯಾಬಿನ್ ಅಡ್ಡ ಬರುವುದರಿಂದ ಆ ಕಡೆ ಸಿಗ್ನಲ್ ಸ್ವಲ್ಪ ಕುಗ್ಗುತ್ತದೆ. ಕೊಂಬೆಗೆ ಸಿಕ್ಕಿ ಮುರಿಯುವ ಆಂಟೆನಾಕ್ಕಿಂತ ಒಂದು ದಿಕ್ಕಿನಲ್ಲಿ ಕುಗ್ಗಿದ ಆಂಟೆನಾ ಲೇಸು. ಚಾಲಕನ ನೋಟಕ್ಕೆ ಅಡ್ಡವಾಗದಂತೆ ಎಡಬದಿಯನ್ನು ಆರಿಸಿ. ಸ್ನಾರ್ಕೆಲ್ (ಎಂಜಿನ್ನಿಗೆ ಎತ್ತರದಿಂದ ಗಾಳಿ ಎಳೆಯುವ ಕೊಳವೆ) ಎಡಕ್ಕೇ ಇದ್ದರೆ ಮಾತ್ರ ಬಲಕ್ಕೆ ಹೋಗಿ.

ಹಿಂಬದಿಯ ಸ್ಟೆಪ್ನಿ ಸ್ಟ್ಯಾಂಡಿಗೆ ಕಟ್ಟುವವರೂ ಇದ್ದಾರೆ. ಅದು ಕೀಲಿನ ಮೇಲೆ ತಿರುಗುವ ಭಾಗ, ಬಾಡಿಯೊಂದಿಗಿನ ವಿದ್ಯುತ್ ಸಂಪರ್ಕ ಗ್ರೀಸ್ ತುಂಬಿದ ಆ ಕೀಲನ್ನೇ ನಂಬಿರುತ್ತದೆ. ಚಪ್ಪಟೆ ಹೆಣೆದ ತಾಮ್ರದ ಪಟ್ಟಿಯಿಂದ ಅದನ್ನು ಬಾಡಿಗೆ ಜೋಡಿಸದಿದ್ದರೆ ಗಾಡಿ ಕುಲುಕಿದಾಗಲೆಲ್ಲ ಸಿಗ್ನಲ್ ಏರಿಳಿಯುತ್ತದೆ. ಛಾವಣಿಯ ಕ್ಯಾರಿಯರ್‌ಗೂ ಇದೇ ಮಾತು.

ಯಾವ ಆಂಟೆನಾ?

ಹಾಸನದಲ್ಲಿರುವ ಇಸ್ರೊದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯ ದೈತ್ಯ ತಟ್ಟೆ ಆಂಟೆನಾಗಳನ್ನು ನೋಡಿದವರಿಗೆ ಗೇನ್ ಎಂದರೇನು ಎಂದು ವಿವರಿಸುವುದು ಸುಲಭ. ಆ ತಟ್ಟೆ ಹೊಸದಾಗಿ ಶಕ್ತಿಯನ್ನು ಹುಟ್ಟಿಸುವುದಿಲ್ಲ, ಇರುವುದನ್ನು ಒಂದೇ ದಿಕ್ಕಿಗೆ ಒಟ್ಟುಗೂಡಿಸುತ್ತದೆ. ಗಾಡಿಯ ಉದ್ದ ಆಂಟೆನಾ ಮಾಡುವುದೂ ಅದನ್ನೇ: ಮೇಲಕ್ಕೆ ಹೋಗುವುದನ್ನು ಕಡಿಮೆ ಮಾಡಿ ದಿಗಂತದ ಕಡೆಗೆ ಹೆಚ್ಚು ಕಳುಹಿಸುತ್ತದೆ. ಬಯಲುಸೀಮೆಯಲ್ಲಿ ಅದು ನಿಜಕ್ಕೂ ಲಾಭ. ಘಾಟಿಯ ಬುಡದಲ್ಲಿ ನಿಂತು ಗುಡ್ಡದ ಮೇಲಿರುವವರನ್ನು ಕರೆಯುವಾಗ ದಿಗಂತ ಎಂದರೆ ಎದುರಿನ ಮಣ್ಣಿನ ಗೋಡೆ. ಆಗ ಸ್ವಲ್ಪ ಮೇಲ್ಮುಖವಾಗಿಯೂ ಹರಡುವ ಗಿಡ್ಡ ಕಾಲು ತರಂಗದ ಕಡ್ಡಿ ಹೆಚ್ಚು ಕೆಲಸಕ್ಕೆ ಬರುತ್ತದೆ. ಅಗ್ಗ, ಹಗುರ, ಮುರಿದರೆ ಸ್ಟೀಲ್ ಕಡ್ಡಿಯೊಂದನ್ನು ಬದಲಾಯಿಸಿದರೆ ಮುಗಿಯಿತು.

ಅದರ ಅಳತೆ ಹೀಗೆ: 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ತರಂಗದ ಉದ್ದ ಮೀಟರ್‌ನಲ್ಲಿ ಸಿಗುತ್ತದೆ. 145ಕ್ಕೆ ಸುಮಾರು 2.07 ಮೀಟರ್. ಅದರ ಕಾಲುಭಾಗ 51.7 ಸೆಂ.ಮೀ. ಕಡ್ಡಿಯ ದಪ್ಪ, ತುದಿಯ ಪರಿಣಾಮ ಸೇರಿ ಕೊನೆಗೆ ನಿಲ್ಲುವುದು 49 ಸೆಂ.ಮೀ. ಆಸುಪಾಸಿನಲ್ಲಿ. ಇದೇ ಕಡ್ಡಿ 435 ಮೆಗಾಹರ್ಟ್ಸ್‌ನಲ್ಲಿ ಮುಕ್ಕಾಲು ತರಂಗದ ಆಂಟೆನಾ ಆಗಿ ಕೆಲಸ ಮಾಡುವುದರಿಂದ ಎರಡು ಬ್ಯಾಂಡ್‌ಗೂ ಒದಗುತ್ತದೆ.

ಫೈಬರ್ ಅಥವಾ ರೆಕ್ಸಿನ್ ಟಾಪ್‌ನವರು ಮೇಲೆಯೇ ಇಡಬೇಕೆಂದಿದ್ದರೆ ಸುತ್ತಲಿನ ಲೋಹವನ್ನು ಅವಲಂಬಿಸದ ಅರ್ಧ ತರಂಗದ ಆಂಟೆನಾ ಕೊಳ್ಳಿ. ಎರಡು ಮೀಟರ್ ಬ್ಯಾಂಡಿಗೆ ಅದು ಸುಮಾರು ಒಂದು ಮೀಟರ್ ಉದ್ದ. ರೋಲ್ ಕೇಜಿನ ಕೊಳವೆಗೆ ಕ್ಲಾಂಪ್ ಹಾಕಿ ನಿಲ್ಲಿಸಬಹುದು. ಯಾವುದೇ ಆಂಟೆನಾ ಆದರೂ ಬುಡದಲ್ಲಿ ಸ್ಪ್ರಿಂಗ್ ಇರಲಿ. ಕೊಂಬೆ ತಗುಲಿದಾಗ ಬಾಗುವುದು ಸ್ಪ್ರಿಂಗ್ ಆಗಬೇಕು, ಬ್ರಾಕೆಟ್ ಅಲ್ಲ.

ಬ್ರಾಕೆಟ್ ಮತ್ತು ಅರ್ಥ್

ಸಿದ್ಧ ಬ್ರಾಕೆಟ್ ಹೊಂದದಿದ್ದರೆ ನಿಮ್ಮೂರಿನ ವೆಲ್ಡಿಂಗ್ ಅಂಗಡಿಯಲ್ಲಿ ಮೂರು ಮಿ.ಮೀ. ದಪ್ಪದ ಕಬ್ಬಿಣ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿಯಿಂದ ಇಂಗ್ಲಿಷ್ ಎಲ್ ಆಕಾರದ್ದೊಂದನ್ನು ಮಾಡಿಸಿ. ಬಾನೆಟ್ ಕೀಲಿನ ಬಳಿ ಮಡ್‌ಗಾರ್ಡನ್ನು ಹಿಡಿದಿರುವ ಬೋಲ್ಟುಗಳಿಗೇ ಅದು ಕೂರುವಂತಿದ್ದರೆ ಹೊಸ ತೂತು ಬೇಕಿಲ್ಲ. "ಅಣ್ಣ, ಕೆಳಮುಖಕ್ಕೆ ಪೇಂಟ್ ಹೊಡೆಯಬೇಡಿ, ಬರೀ ಲೋಹವೇ ಇರಲಿ" ಎಂದು ಮೊದಲೇ ಹೇಳಿ, ಇಲ್ಲದಿದ್ದರೆ ಚೆಂದ ಕಾಣಲಿ ಎಂದು ಇಡೀ ಪಟ್ಟಿಗೆ ಕಪ್ಪು ಬಳಿದು ಕೊಡುತ್ತಾರೆ.

ಇನ್ನು ಮುಖ್ಯ ಕೆಲಸ. ಬೋಲ್ಟ್ ಬಿಚ್ಚಿ, ಅದರ ಸುತ್ತ ಒಂದು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಬಣ್ಣವನ್ನು ಎಮರಿ ಪೇಪರ್‌ನಿಂದ ಉಜ್ಜಿ. ಮೊದಲು ಮೇಲಿನ ಬಣ್ಣ ಹೋಗುತ್ತದೆ, ಕೆಳಗೆ ಬೂದು ಪ್ರೈಮರ್ ಕಾಣುತ್ತದೆ. ಅಲ್ಲಿಗೇ ನಿಲ್ಲಿಸಬೇಡಿ, ಪ್ರೈಮರ್ ಕೂಡ ವಿದ್ಯುತ್ತನ್ನು ತಡೆಯುತ್ತದೆ. ಕಬ್ಬಿಣ ಫಳಫಳ ಹೊಳೆಯುವವರೆಗೆ ಉಜ್ಜಿ. ಹಲ್ಲಿರುವ ಸ್ಟಾರ್ ವಾಷರ್ ಹಾಕಿ ಬ್ರಾಕೆಟ್ ಬಿಗಿಮಾಡಿ. ಮಲ್ಟಿಮೀಟರನ್ನು ಓಮ್‌ಗೆ ಇಟ್ಟು, ಅದರ ಎರಡು ಪ್ರೋಬ್ ಕಡ್ಡಿಗಳನ್ನೂ ಪರಸ್ಪರ ತಾಗಿಸಿದಾಗ ಬರುವ ಅಂಕಿಯನ್ನು ನೋಡಿಕೊಳ್ಳಿ. ಆಮೇಲೆ ಒಂದನ್ನು ಬ್ರಾಕೆಟ್ಟಿಗೆ, ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್‌ಗೆ ಇಡಿ. ಎರಡೂ ಅಂಕಿ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಅರ್ಥ್ ಸರಿಯಿದೆ. ಕೊನೆಗೆ ಜೋಡಣೆಯ ಹೊರ ಅಂಚಿಗೆಲ್ಲ ಪೆಟ್ರೋಲಿಯಂ ಜೆಲ್ಲಿ ಅಥವಾ ಗ್ರೀಸ್ ಸವರಿ. ಉಜ್ಜಿದ ಕಬ್ಬಿಣವನ್ನು ಬೆತ್ತಲೆ ಬಿಟ್ಟರೆ ಜುಲೈ ಮುಗಿಯುವುದರೊಳಗೆ ತುಕ್ಕು ಹಿಡಿದು ಅರ್ಥ್ ಹೋಗುತ್ತದೆ.

ಬಾನೆಟ್ಟಿಗೂ ಬಾಡಿಗೂ ನಡುವೆ ಒಂದು ಚಪ್ಪಟೆ ತಾಮ್ರದ ಪಟ್ಟಿ ಹಾಕಿ. ಉರುಟು ತಂತಿಗಿಂತ ಅಗಲ ಪಟ್ಟಿ ರೇಡಿಯೊ ಆವರ್ತನಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ.

ಕೇಬಲ್ ಎಳೆಯುವುದು

50 ಓಮ್‌ನ ಕೋಆಕ್ಸಿಯಲ್ ಕೇಬಲ್ (ನಡುವೆ ಒಂದು ತಂತಿ, ಅದರ ಸುತ್ತ ತಾಮ್ರದ ಹೆಣಿಗೆ ಇರುವಂಥದ್ದು) ಬೇಕು. ಮನೆಯಲ್ಲಿ ಉಳಿದಿರುವ ಡಿಶ್ ಟಿವಿ ಕೇಬಲ್ 75 ಓಮ್‌ನದು, ಅದನ್ನು ಬಳಸಬೇಡಿ. ಆರ್‌ಜಿ-58 ಕೇಬಲ್‌ನಲ್ಲಿ ಐದು ಮೀಟರ್‌ಗೆ 145 ಮೆಗಾಹರ್ಟ್ಸ್‌ನಲ್ಲಿ ಸುಮಾರು ಒಂದು ಡೆಸಿಬೆಲ್, ಅಂದರೆ ಐದರಲ್ಲೊಂದು ಪಾಲು ಶಕ್ತಿ ಶಾಖವಾಗಿ ಹೋಗುತ್ತದೆ. 435ರಲ್ಲಿ ನಷ್ಟ ಇನ್ನೂ ಹೆಚ್ಚು. ಆದ್ದರಿಂದ ಬೇಕಾದಷ್ಟೇ ಉದ್ದ ಇಟ್ಟುಕೊಳ್ಳಿ, ಮಿಕ್ಕಿದ್ದನ್ನು ಸೀಟಿನಡಿ ಸುತ್ತಿಡಬೇಡಿ.

ಎಂಜಿನ್ ಕೋಣೆಯಿಂದ ಕ್ಯಾಬಿನ್ನಿಗೆ ದಾಟುವಾಗ ಕಂಪನಿಯವರೇ ಬಿಟ್ಟಿರುವ ರಬ್ಬರ್ ಬುಷ್ ಇರುವ ತೂತನ್ನು ಹುಡುಕಿ. ಹೊಸ ತೂತು ಕೊರೆದರೆ ರಬ್ಬರ್ ಬುಷ್ ಹಾಕದೆ ಕೇಬಲ್ ದಾಟಿಸಬೇಡಿ. ತಗಡಿನ ಅಂಚು ಗಾಡಿಯ ಅದುರಾಟಕ್ಕೆ ಕೇಬಲ್‌ನ ಹೊರಪದರವನ್ನು ಕೊಯ್ದುಬಿಡುತ್ತದೆ. ಸೈಲೆನ್ಸರ್ ಮ್ಯಾನಿಫೋಲ್ಡ್‌ನಿಂದ ದೂರವಿಡಿ. ಇಂಜೆಕ್ಟರ್ ವೈರಿಂಗ್ ಜೊತೆಗೆ ಕಟ್ಟಬೇಡಿ. ಪೆಡಲ್‌ಗಳ ಬಳಿ ಸಡಿಲ ಬಿಡಬೇಡಿ. ಪಕ್ಕದ ಕಂಬದಲ್ಲಿ ಏರ್‌ಬ್ಯಾಗ್ ಇರುವ ಗಾಡಿಗಳಲ್ಲಿ ಅದರ ಮುಂದೆ ಕೇಬಲ್ ಹಾಯಿಸಬೇಡಿ.

ನೀರಿನ ವಿಷಯದಲ್ಲಿ ಉದಾಸೀನ ಬೇಡ. ಸಾಮಾನ್ಯವಾಗಿ ಸಿಗುವ ಪಿಎಲ್-259 ಕನೆಕ್ಟರ್ ನೀರು ತಡೆಯುವುದಿಲ್ಲ. ಆಗುಂಬೆ, ಕೊಟ್ಟಿಗೆಹಾರದಂಥ ಕಡೆ ಮಳೆ ಅಡ್ಡಲಾಗಿಯೂ ಹೊಡೆಯುತ್ತದೆ. ಒಳಗೆ ಹೊಕ್ಕ ನೀರು ಕೇಬಲ್‌ನ ತಾಮ್ರದ ಹೆಣಿಗೆಯನ್ನು ಹಿಡಿದು ಉದ್ದಕ್ಕೂ ಹರಿಯುತ್ತದೆ. ಜೋಡಣೆಯ ಮೇಲೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಚೆನ್ನಾಗಿ ಎಳೆದು ಸುತ್ತಿ, ಅದರ ಮೇಲೆ ಮಾಮೂಲಿ ಪಿವಿಸಿ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತುತ್ತ ಬನ್ನಿ. ಹೆಂಚು ಹೊದಿಸಿದ ಹಾಗೆ ಮೇಲಿನ ಸುತ್ತು ಕೆಳಗಿನದನ್ನು ಮುಚ್ಚಿರಬೇಕು. ಸಿಲಿಕೋನ್ ಹಾಕುವುದಾದರೆ ವಿನೆಗರ್ ವಾಸನೆ ಬರುವಂಥದ್ದು ಬೇಡ, ಅದರ ಆಮ್ಲ ತಾಮ್ರವನ್ನು ತಿನ್ನುತ್ತದೆ. ನ್ಯೂಟ್ರಲ್ ಎಂದು ಬರೆದಿರುವುದನ್ನು ಕೇಳಿ ತನ್ನಿ. ಕೇಬಲ್ ಕ್ಯಾಬಿನ್ ಒಳಹೋಗುವ ಮುನ್ನ ಒಂದು ಕಡೆ ಕೆಳಕ್ಕೆ ಬಾಗಿ ಮತ್ತೆ ಮೇಲೇರಲಿ. ಹರಿದು ಬಂದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿಬಿಡುತ್ತದೆ.

ಬ್ಯಾಟರಿ ಸಂಪರ್ಕ

50 ವ್ಯಾಟ್‌ನ ರೇಡಿಯೊ ಪ್ರಸಾರದ ವೇಳೆ ಹತ್ತು ಆಂಪಿಯರ್‌ಗೂ ಮೀರಿ ಎಳೆಯಬಹುದು. ಸಿಗರೇಟ್ ಲೈಟರ್ ಸಾಕೆಟ್ ಇದಕ್ಕಲ್ಲ. ಬ್ಯಾಟರಿಯಿಂದಲೇ ನಾಲ್ಕು ಚದರ ಮಿ.ಮೀ. ತಾಮ್ರದ ತಂತಿ ಎಳೆದು, ಪಾಸಿಟಿವ್ ತುದಿಯಲ್ಲಿ, ಬ್ಯಾಟರಿಗೆ ಅಂಟಿಕೊಂಡಂತೆ, ರೇಡಿಯೊ ಕೈಪಿಡಿ ಹೇಳಿದ ಅಳತೆಯ ಫ್ಯೂಸ್ ಹಾಕಿ. ಫ್ಯೂಸ್ ಇರುವುದು ರೇಡಿಯೊ ರಕ್ಷಣೆಗಷ್ಟೇ ಅಲ್ಲ, ತಂತಿ ಎಲ್ಲಾದರೂ ಬಾಡಿಗೆ ತಗುಲಿದರೆ ಗಾಡಿಗೆ ಬೆಂಕಿ ಬೀಳದಿರಲು. ನೆಗೆಟಿವ್ ತುದಿಯಲ್ಲಿ ಸೆನ್ಸರ್ ಇರುವ ಹೊಸ ಗಾಡಿಗಳಲ್ಲಿ ರೇಡಿಯೊದ ನೆಗೆಟಿವ್ ತಂತಿಯನ್ನು ಬ್ಯಾಟರಿ ಬಳಿಯ ಬಾಡಿ ಅರ್ಥ್‌ಗೆ ಕೊಡಿ. ಸೈನ್ಯದ ಹರಾಜಿನಿಂದ ಬಂದ ಹಳೆಯ ಗಾಡಿಗಳಲ್ಲಿ 24 ವೋಲ್ಟ್ ಇರುವುದುಂಟು. ಅಳೆಯದೆ ಜೋಡಿಸಿದರೆ ರೇಡಿಯೊ ಸುಟ್ಟುಹೋಗುತ್ತದೆ. ಎರಡು ಬ್ಯಾಟರಿಗಳಲ್ಲಿ ಒಂದರಿಂದ ಮಾತ್ರ 12 ವೋಲ್ಟ್ ಕದಿಯುವುದೂ ತಪ್ಪು, 12 ವೋಲ್ಟ್‌ಗೆ ಇಳಿಸುವ ಕನ್ವರ್ಟರ್ ಹಾಕಿಸಿ.

ಟ್ಯೂನಿಂಗ್

ಕಡ್ಡಿಯನ್ನು ಮೊದಲು 51 ಅಥವಾ 52 ಸೆಂ.ಮೀ. ಇಟ್ಟುಕೊಳ್ಳಿ, ಕತ್ತರಿಸುವುದು ಸುಲಭ, ಬೆಳೆಸಲಾಗದು. ಗಾಡಿಯನ್ನು ವಿಶಾಲವಾದ ಕಾಫಿ ಕಣದ ನಡುವೆ ನಿಲ್ಲಿಸಿ, ಗೋಡೌನಿನ ಜಿಂಕ್ ಶೀಟುಗಳಿಂದ ದೂರ. ಬಾನೆಟ್, ಬಾಗಿಲುಗಳೆಲ್ಲ ಮುಚ್ಚಿರಲಿ. ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಎಷ್ಟು ಶಕ್ತಿ ಹಿಂದಿರುಗುತ್ತದೆ ಎಂದು ತಿಳಿಸುವ ಅಂಕಿ) ಮೀಟರ್ ಇದ್ದರೆ ಕಡಿಮೆ ಪವರ್‌ನಲ್ಲಿ, ಖಾಲಿ ಇರುವ ಆವರ್ತನದಲ್ಲಿ, ಕರೆ ಸಂಕೇತ ಹೇಳಿ ಅಳೆಯಿರಿ. ನ್ಯಾನೊವಿಎನ್ಎ ಎಂಬ, ಆಂಟೆನಾ ಅಳೆಯುವ ಪುಟ್ಟ ಉಪಕರಣ ಇದ್ದರೆ ಇನ್ನೂ ಒಳ್ಳೆಯದು, ಆದರೆ ಆಗ ರೇಡಿಯೊ ಕೇಬಲ್‌ನಿಂದ ಪೂರ್ತಿ ಬಿಚ್ಚಿರಬೇಕು. ಆ ಉಪಕರಣಕ್ಕೆ ಪ್ರಸಾರದ ಶಕ್ತಿ ತಾಗಿದರೆ ಕೆಟ್ಟುಹೋಗುತ್ತದೆ.

144ರಲ್ಲಿ ಎಸ್‌ಡಬ್ಲ್ಯುಆರ್ ಕಡಿಮೆ, 146ರಲ್ಲಿ ಹೆಚ್ಚು ಎಂದರೆ ಕಡ್ಡಿ ಉದ್ದವಾಗಿದೆ. ಒಂದು ಮಿ.ಮೀ. ಕತ್ತರಿಸಿದರೆ ಹೊಂದುವ ಆವರ್ತನ ಸುಮಾರು 0.3 ಮೆಗಾಹರ್ಟ್ಸ್ ಮೇಲೇರುತ್ತದೆ. ಆದ್ದರಿಂದ ಗುರಿಯ ಹತ್ತಿರ ಬಂದ ಮೇಲೆ ಎರಡು ಮಿ.ಮೀ.ಗಿಂತ ಹೆಚ್ಚು ಒಮ್ಮೆಗೆ ತೆಗೆಯಬೇಡಿ. 145ರ ಸುತ್ತ 1.5ಕ್ಕಿಂತ ಕಡಿಮೆ ಬಂದರೆ ಹಿಂದಿರುಗುವ ಶಕ್ತಿ ನೂರಕ್ಕೆ ನಾಲ್ಕು ಮಾತ್ರ. ಅದನ್ನು ಇನ್ನೂ ಇಳಿಸಲು ದಿನಗಟ್ಟಲೆ ಕೂರುವ ಅಗತ್ಯವಿಲ್ಲ. 3 ಬಂದರೆ ಕಾಲುಭಾಗ ಹಿಂದಿರುಗುತ್ತಿದೆ. ಕಡ್ಡಿ ಕತ್ತರಿಸಿದರೂ ಅಂಕಿ ಕದಲದಿದ್ದರೆ ಅರ್ಥ್ ಅಥವಾ ಕನೆಕ್ಟರ್‌ನ ಬೆಸುಗೆಯಲ್ಲಿ ದೋಷವಿದೆ. ಕತ್ತರಿಸುವುದನ್ನು ನಿಲ್ಲಿಸಿ ಅದನ್ನು ಹುಡುಕಿ. ಕೆಲಸ ಮುಗಿದ ಮೇಲೆ ತುದಿಯನ್ನು ಅರದಿಂದ ಉಜ್ಜಿ ಪ್ಲಾಸ್ಟಿಕ್ ಗುಂಡು ಸಿಕ್ಕಿಸಿ. ಬಾನೆಟ್ ಪಕ್ಕದ ಆಂಟೆನಾದ ತುದಿ ನಿಂತವರ ಕಣ್ಣಿನ ಮಟ್ಟಕ್ಕೇ ಬರುತ್ತದೆ.

ಎಂಜಿನ್ ಚಾಲೂ ಮಾಡಿ ಕಿವಿಗೊಡಿ. ರೇಸ್ ಕೊಟ್ಟಂತೆ ಏರುವ ಸಿಳ್ಳೆ ಆಲ್ಟರ್ನೇಟರ್‌ನದು, ಹೆಚ್ಚಾಗಿ ಪವರ್ ತಂತಿಯ ಅರ್ಥ್ ಸರಿಪಡಿಸಿದರೆ ಇಳಿಯುತ್ತದೆ. ಎಲ್‌ಇಡಿ ಲೈಟ್ ಬಾರ್ ಹಾಕಿಸಿದವರು ಅದನ್ನು ಉರಿಸಿಯೂ ಆರಿಸಿಯೂ ಕೇಳಿ. ಅಗ್ಗದ ಲೈಟ್ ಬಾರ್‌ಗಳ ಒಳಗಿನ ಸರ್ಕ್ಯೂಟ್ ದುರ್ಬಲ ಸಿಗ್ನಲ್‌ಗಳನ್ನೆಲ್ಲ ನುಂಗಿಬಿಡುತ್ತದೆ. ಅದರ ತಂತಿಗೆ ಫೆರೈಟ್ ಕ್ಲಿಪ್ (ರೇಡಿಯೊ ಗದ್ದಲ ತಡೆಯುವ ಬಿಲ್ಲೆ) ಹಾಕಿ ನೋಡಿ, ಆಗದಿದ್ದರೆ ಲೈಟನ್ನೇ ಬದಲಿಸಿ.

ವಿದ್ಯುತ್ ತಂತಿ

ಕೆಲವರು ಏಳು ಮೆಗಾಹರ್ಟ್ಸ್‌ನಂಥ ಎಚ್‌ಎಫ್ (ಇನ್ನೂ ಉದ್ದ ತರಂಗಗಳ) ಬ್ಯಾಂಡಿಗೆ ಬಂಪರ್ ಮೇಲೆ ಎರಡು ಮೀಟರ್‌ಗೂ ಮೀರಿದ ಕಡ್ಡಿ ನಿಲ್ಲಿಸುವುದುಂಟು. ಗಾಡಿ ನಿಲ್ಲಿಸಿದ ಮೇಲೆ 20 ಮೀಟರ್ ಉದ್ದದ ತಂತಿಯ ಡೈಪೋಲನ್ನು (ನಡುವೆ ಕೇಬಲ್ ಜೋಡಿಸಿದ ತಂತಿ ಆಂಟೆನಾವನ್ನು) ಮರಕ್ಕೆ ಕಟ್ಟುವುದು ಅದಕ್ಕಿಂತ ಬಹಳ ಪರಿಣಾಮಕಾರಿ. ಎರಡಕ್ಕೂ ಒಂದೇ ಎಚ್ಚರ: ನಮ್ಮ ತೋಟಗಳ ನಡುವೆಯೇ 11 ಕೆ.ವಿ. ತಂತಿಗಳು ಜೋತುಬಿದ್ದು ಹಾದುಹೋಗುತ್ತವೆ. ಮೆಣಸು ಕೊಯ್ಯುವ ಅಲ್ಯುಮಿನಿಯಂ ಏಣಿ ಇಂಥ ತಂತಿಗೆ ತಗುಲಿ ಕಾರ್ಮಿಕರು ಜೀವ ಕಳೆದುಕೊಂಡ ಸುದ್ದಿ ಮಲೆನಾಡಿನಲ್ಲಿ ಮತ್ತೆ ಮತ್ತೆ ಬರುತ್ತದೆ. ಆಂಟೆನಾವೂ ಲೋಹವೇ. ತಂತಿಯ ಕೆಳಗೆ ಆಂಟೆನಾ ಎತ್ತಬೇಡಿ, ಅದರತ್ತ ಎಸೆಯಬೇಡಿ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆ ಶುರುವಾದರೆ ಡೈಪೋಲ್ ಇಳಿಸಿ, ರೇಡಿಯೊದಿಂದ ಕೇಬಲ್ ಬಿಚ್ಚಿ.

ಪರೀಕ್ಷೆ, ಆಮೇಲಿನ ಆರೈಕೆ

ಗೆಳೆಯರೊಬ್ಬರನ್ನು ಮನೆಯ ರೇಡಿಯೊ ಮುಂದೆ ಕೂರಿಸಿ, ನೀವು ಹತ್ತಿಪ್ಪತ್ತು ಕಿ.ಮೀ. ದೂರದ ಬಯಲಿಗೆ ಹೋಗಿ. ಬೇಲೂರು–ಹಳೇಬೀಡು ನಡುವಿನ ತೆರೆದ ಜಾಗಗಳು ಇದಕ್ಕೆ ಚೆನ್ನ. ಐದು ವ್ಯಾಟ್‌ಗೆ ಇಳಿಸಿ, ಗಾಡಿಯ ಮೂತಿಯನ್ನು ಎಂಟು ದಿಕ್ಕಿಗೂ ತಿರುಗಿಸುತ್ತ ಒಂದೊಂದರಲ್ಲೂ ಅವರ ಮೀಟರ್ ಏನು ತೋರಿಸುತ್ತದೆ ಎಂದು ಬರೆದುಕೊಳ್ಳಿ. ನಿಮ್ಮ ಗಾಡಿಯ ದುರ್ಬಲ ದಿಕ್ಕು ಯಾವುದೆಂದು ತಿಳಿಯುತ್ತದೆ. ತುರ್ತು ಸಮಯದಲ್ಲಿ ಗಾಡಿಯನ್ನು ಹೇಗೆ ನಿಲ್ಲಿಸಿ ಕರೆಯಬೇಕೆಂಬುದಕ್ಕೆ ಆ ಚೀಟಿ ನೆರವಾಗುತ್ತದೆ, ಡ್ಯಾಶ್‌ಬೋರ್ಡ್ ಒಳಗೆ ಇಟ್ಟುಕೊಳ್ಳಿ. ಘಾಟಿಯಲ್ಲಿ ಸಿಗ್ನಲ್ ಸತ್ತಂತೆ ಕಂಡರೆ ಗಾಡಿಯನ್ನು ಅರ್ಧ ಮೀಟರ್, ಒಂದು ಮೀಟರ್ ಮುಂದಕ್ಕೆ ಸರಿಸಿ ಮತ್ತೆ ಕರೆಯಿರಿ. ಗುಡ್ಡಗಳಿಗೆ ಬಡಿದು ಬಂದ ಅಲೆಗಳು ಒಂದನ್ನೊಂದು ಅಳಿಸಿಹಾಕುವ ಜಾಗಗಳ ನಡುವೆ ಅಷ್ಟೇ ಅಂತರ ಇರುತ್ತದೆ. ಚಾಲನೆಯಲ್ಲಿರುವಾಗ ಮೈಕ್ ಪಕ್ಕದವರ ಕೈಯಲ್ಲಿರಲಿ. ಪ್ರಸಾರ ಮಾಡುವಾಗ ಹೊರಗೆ ಆಂಟೆನಾ ಹಿಡಿದುಕೊಂಡೋ ಒರಗಿಕೊಂಡೋ ಯಾರೂ ನಿಂತಿಲ್ಲ ಎಂದು ನೋಡಿಕೊಳ್ಳಿ.

ತೋಟದ ದಾರಿಗೆ ಇಳಿಯುವ ಮುನ್ನ ನೈಲಾನ್ ದಾರದಿಂದ ಕಡ್ಡಿಯನ್ನು ಹಿಂದಕ್ಕೆ ಬಾಗಿಸಿ ಕಟ್ಟಿ, ತೆರೆದ ಜಾಗಕ್ಕೆ ಬಂದ ಮೇಲೆ ಬಿಚ್ಚಿ. ಪ್ರತಿ ಒರಟು ಪಯಣದ ಬಳಿಕ ಬ್ರಾಕೆಟ್ಟಿನ ಬೋಲ್ಟುಗಳಿಗೆ ಸ್ಪ್ಯಾನರ್ ಇಟ್ಟು ನೋಡಿ. ಮೇ ಕೊನೆಯಲ್ಲೊಮ್ಮೆ, ಮಳೆ ಇಳಿದ ಮೇಲೆ ಅಕ್ಟೋಬರ್‌ನಲ್ಲೊಮ್ಮೆ ಟೇಪ್ ಬಿಚ್ಚಿ ಕನೆಕ್ಟರ್ ಪರಿಶೀಲಿಸಿ, ಎಸ್‌ಡಬ್ಲ್ಯುಆರ್ ಮತ್ತೆ ಅಳೆದು ಹಳೆಯ ಅಂಕಿಯೊಂದಿಗೆ ಹೋಲಿಸಿ. ತಾಮ್ರದ ಹೆಣಿಗೆ ಹಸಿರುಗಟ್ಟಿದ್ದರೆ ಅಥವಾ ಕಪ್ಪಾಗಿದ್ದರೆ ನೀರು ಹೊಕ್ಕಿದೆ. ಒಣಗಿಸಿ ಮತ್ತೆ ಜೋಡಿಸಿದರೆ ಆಗದು. ಹೊಳೆಯುವ ತಾಮ್ರ ಸಿಗುವವರೆಗೆ ಕೇಬಲ್ ಕತ್ತರಿಸುತ್ತ ಹೋಗಿ ಹೊಸ ಕನೆಕ್ಟರ್ ಬೆಸೆಯಿರಿ, ಒಂದು ಗೇಣು ಕತ್ತರಿಸಿದರೂ ಹಸಿರೇ ಕಾಣುತ್ತಿದ್ದರೆ ಇಡೀ ಕೇಬಲ್ ಬದಲಾಯಿಸಿ.